ನೀಲಿ ಡಬ್ಬಿ, ಕೆಂಪು ಡಬ್ಬಿ

ನೀಲಿ ಡಬ್ಬಿ ನನ್ನ ಕೈಗೆ ಬಂದದ್ದು ಬಟ್ಟೆ ಅಂಗಡಿಯ ಹಳೇ ಕವರಿನಲ್ಲಿ. ಮೈಸೂರಿನ ಒಂಟಿಕೊಪ್ಪಲಿನಿಂದ ನಮ್ಮ ಹಳೇ ಆರ್ಕೆಸ್ಟ್ರಾದ ಮೇಷ್ಟ್ರು ಫೋನ್ ಮಾಡಿದ್ದರು. "ಅಟ್ಟ ಖಾಲಿ ಮಾಡಿಸ್ತಿದೀನಿ, ಬಂದು ಏನು ಬೇಕೋ ತಗೊಂಡು ಹೋಗು" ಅಂದರು. ಹೋದೆ. ಹಜಾರದಲ್ಲಿ ಎರಡು ಮೈಕ್ ಸ್ಟ್ಯಾಂಡು, ಒಡೆದ ಕಾಂಗೋ ಡ್ರಮ್ಮು, ಒಂದು ಕಟ್ಟು ಹಾಡಿನ ನೋಟ್‌ಬುಕ್ಕು. ಅದರ ಪಕ್ಕದಲ್ಲಿ ಈ ಕವರು.

"ಇದನ್ನ ಏನ್ಮಾಡ್ತೀರಾ ಮೇಷ್ಟ್ರೇ?"

"ಗುಜರಿಗೆ ಹಾಕೋಣ ಅಂತಿದ್ದೆ. ಮೊಮ್ಮಗ ಅಡಾಪ್ಟರ್ ಹಾಕಿ ನೋಡಿದ, ದೀಪ ಸರಿಯಾಗಿ ಹತ್ತಲ್ವಂತೆ. ನಿಂಗೆ ಬೇಕಾ?"

ಬೇಕಾ ಅಂತ ಕೇಳೋದಾ! ಅವರು ಮನಸ್ಸು ಬದಲಾಯಿಸೋದರೊಳಗೆ ಸ್ಕೂಟರಿನ ಡಿಕ್ಕಿಗೆ ಹಾಕಿಕೊಂಡೆ.

ಗಿಟಾರ್ ಗೊತ್ತಿಲ್ಲದವರಿಗೆ ಒಂದು ಮಾತು. ಎಲೆಕ್ಟ್ರಿಕ್ ಗಿಟಾರಿನಿಂದ ಆಂಪ್ಲಿಫೈಯರಿಗೆ ಹೋಗುವ ವೈರಿನ ಮಧ್ಯೆ ಚಿಕ್ಕ ಚಿಕ್ಕ ಡಬ್ಬಿಗಳನ್ನು ಸೇರಿಸುತ್ತಾರೆ. ನೆಲದ ಮೇಲೆ ಇರುತ್ತವೆ, ಕಾಲಿನಿಂದ ಒತ್ತಬೇಕು. ಅದಕ್ಕೇ ಪೆಡಲ್ ಅನ್ನೋದು. ಒಂದು ಪ್ರತಿಧ್ವನಿ ಕೊಡುತ್ತದೆ, ಇನ್ನೊಂದು ಗರಗರ ಅನ್ನಿಸುತ್ತದೆ. ಮೇಷ್ಟ್ರ ನೀಲಿ ಡಬ್ಬಿಯ ಹೆಸರು ಬಾಸ್ ಕಂಪನಿಯ ಸಿಇ-2. 1979ರಲ್ಲಿ ಮಾರುಕಟ್ಟೆಗೆ ಬಂದ ಜಪಾನಿನ ಕೋರಸ್ ಪೆಡಲ್. ಎರಡೇ ತಿರುಪು. ಒಂದು ರೇಟ್, ಇನ್ನೊಂದು ಡೆಪ್ತ್. ಮೇಷ್ಟ್ರ ಭಾವಮೈದ ಮಸ್ಕತ್‌ನಲ್ಲಿದ್ದಾಗ ತಂದುಕೊಟ್ಟದ್ದಂತೆ. ರೇಟ್ ತಿರುಪಿನ ಮೇಲೆ ಉಗುರು ಬಣ್ಣದ ಒಂದು ಚುಕ್ಕೆ ಈಗಲೂ ಇದೆ. ಕತ್ತಲೆ ಸ್ಟೇಜಿನಲ್ಲಿ ಕಾಣಲಿ ಅಂತ ಅವರ ಮನೆಯವರು ಹಚ್ಚಿಕೊಟ್ಟದ್ದು.

ತೊಂಬತ್ತರ ದಶಕದಲ್ಲಿ ನಾನು ಮೇಷ್ಟ್ರ ಆರ್ಕೆಸ್ಟ್ರಾದಲ್ಲಿ ರಿದಮ್ ಗಿಟಾರ್ ಬಾರಿಸುತ್ತಿದ್ದೆ. ಅವರು ಲೀಡು, ಅಂದರೆ ಹಾಡಿನ ಧಾಟಿ ನುಡಿಸೋರು. ಹಗಲು ಹೊತ್ತು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು, ರಾತ್ರಿ ಇದು. ಗಣೇಶನ ಸೀಸನ್ ಬಂತು ಅಂದರೆ ಮನೆ ಕಡೆ ಮುಖ ಹಾಕುತ್ತಿರಲಿಲ್ಲ. ಪಾಂಡವಪುರ, ಮಳವಳ್ಳಿ, ಕೆ.ಆರ್. ಪೇಟೆ, ಟಿ. ನರಸೀಪುರ. ಮೆಟಡಾರಿನಲ್ಲಿ ಹನ್ನೆರಡು ಜನ, ಮೇಲೆ ಡ್ರಮ್ ಸೆಟ್ಟು. ಸ್ಟೇಜಿನ ಹಿಂದೆ ಜನರೇಟರು ಗುಡುಗುಡು ಅನ್ನುತ್ತಿತ್ತು. ಪಕ್ಕದಲ್ಲೇ ಬೋಂಡಾ ಬಾಣಲೆ. ನಮ್ಮ ಗಿಟಾರುಗಳೇನೂ ದೊಡ್ಡವಲ್ಲ. ಕೋಲ್ಕತ್ತದ ಗಿವ್ಸನ್. ಎರಡೂ ಗಿಟಾರಿನ ವೈರು ಸ್ಪೀಕರಿನವನ ಮಿಕ್ಸರಿಗೇ ನೇರವಾಗಿ ಹೋಗುತ್ತಿತ್ತು. ನನ್ನ ಗಿಟಾರು ತಗಡು ಬಡಿದ ಹಾಗೆ ಕೇಳುತ್ತಿತ್ತು. ಮೇಷ್ಟ್ರು ಕಾಲಲ್ಲಿ ಆ ನೀಲಿ ಡಬ್ಬಿ ಒತ್ತಿದರೆ ಸಾಕು, ಸ್ವರಕ್ಕೆ ನೀರಿನ ಮೇಲೆ ಬಿದ್ದ ಬೆಳಕಿನ ಹಾಗೆ ಒಂದು ತುಯ್ತ ಬರುತ್ತಿತ್ತು. ಒಂದೇ ಗಿಟಾರು ಇಬ್ಬರು ಬಾರಿಸಿದ ಹಾಗೆ. ಎಂಬತ್ತರ ದಶಕದ ಸಿನಿಮಾ ಹಾಡುಗಳಲ್ಲಿ ಗಿಟಾರು ಹೇಗೆ ಕೇಳುತ್ತಿತ್ತೋ ಥೇಟ್ ಹಾಗೆ.

ಅದಕ್ಕೆ ಒಂಬತ್ತು ವೋಲ್ಟಿನ ಚೌಕದ ಬ್ಯಾಟರಿ. ಪ್ರೋಗ್ರಾಮಿಗೆ ಮೊದಲು ಮೇಷ್ಟ್ರು ಅದರ ಎರಡು ಗುಂಡಿಗೆ ನಾಲಿಗೆ ತಾಗಿಸಿ ನೋಡುತ್ತಿದ್ದರು. ಚುರ್ ಅಂದರೆ ಜೀವ ಇದೆ. ಪ್ರೋಗ್ರಾಮ್ ಮುಗಿದ ತಕ್ಷಣ, ಹಾರ ತುರಾಯಿ ಏನೇ ಇರಲಿ, ಮೊದಲು ಬಗ್ಗಿ ಪೆಡಲಿನಿಂದ ಗಿಟಾರ್ ವೈರು ಕೀಳುತ್ತಿದ್ದರು. ಈ ಡಬ್ಬಿಗೆ ಬೇರೆ ಸ್ವಿಚ್ಚಿಲ್ಲ. ಇನ್‌ಪುಟ್ಟಿಗೆ ವೈರು ಚುಚ್ಚಿದರೆ ಬ್ಯಾಟರಿ ಆನ್, ಕಿತ್ತರೆ ಆಫ್. ಮರೆತು ಬಿಟ್ಟರೆ ಬೆಳಗ್ಗೆ ಹೊತ್ತಿಗೆ ಬ್ಯಾಟರಿ ಸತ್ತಿರುತ್ತದೆ. ಒಮ್ಮೆ ಎಮ್ಮೆಲ್ಲೆ ಶಾಲು ಹೊದಿಸುತ್ತಾ ನಿಂತಿದ್ದಾರೆ, ಇವರು ಬಗ್ಗಿಬಿಟ್ಟರು. ಶಾಲು ಹಾರ್ಮೋನಿಯಂ ನುಡಿಸುವವರ ತಲೆ ಮೇಲೆ ಬಿತ್ತು.

ಸರಿ, ಮನೆಗೆ ತಂದು ಅಡಾಪ್ಟರ್ ಹಾಕಿದೆ. ಮೊಮ್ಮಗ ಹೇಳಿದ್ದು ನಿಜ. ದೀಪ ಮಿಣುಕು ಅಂದರೆ ಮಿಣುಕು, ಮಿಂಚುಹುಳದ ಥರ. ಸ್ವರ ಒಡೆದು ಬರುತ್ತಿತ್ತು. ತಲೆ ಕೆಟ್ಟು ಶಿವರಾಂಪೇಟೆಯ ಒಂದು ಓಣಿಗೆ ತಗೊಂಡು ಹೋದೆ. ಅಲ್ಲೊಬ್ಬ ರಿಪೇರಿ ಯಜಮಾನರು ಇದ್ದಾರೆ. ಟಿವಿ, ಆಂಪ್ಲಿಫೈಯರು, ದೇವಸ್ಥಾನದ ವಿದ್ಯುತ್ ನಗಾರಿ ಎಲ್ಲ ನೋಡುತ್ತಾರೆ. ಕನ್ನಡಕ ಹಣೆಗೆ ಏರಿಸಿ ಡಬ್ಬಿಯ ತಳದ ತಿರುಪು ಬಿಚ್ಚಿದರು. ಮೀಟರಿನ ಕಡ್ಡಿ ಅಲ್ಲಿ ಇಲ್ಲಿ ಮುಟ್ಟಿಸಿದರು. ಆಮೇಲೆ ಅಡಾಪ್ಟರ್ ಚುಚ್ಚುವ ತೂತಿನ ಪಕ್ಕ ಬರೆದಿದ್ದ ಮೂರಕ್ಷರಕ್ಕೆ ಬೆರಳಿಟ್ಟರು. "ಎಸಿಎ ಅಂತ ಇದೆ, ನೋಡಿದ್ರಾ?"

ನೋಡಿರಲಿಲ್ಲ. ನೋಡಿದ್ದರೂ ನನಗೇನು ತಿಳಿಯುತ್ತಿತ್ತು.

ವಿಷಯ ಇಷ್ಟು. ಎಸಿಎ ಅನ್ನೋದು ಹಳೇ ಬಗೆಯ ಅಡಾಪ್ಟರಿನ ಗುರುತು. ಆ ಕಾಲದ ಅಡಾಪ್ಟರುಗಳು ಬಿಗಿಯಾಗಿ ಒಂಬತ್ತು ವೋಲ್ಟ್ ಕೊಡುತ್ತಿರಲಿಲ್ಲ. ಹೆಸರಿಗೆ ಒಂಬತ್ತು, ಪೆಡಲಿನ ಹಾಗೆ ಕಡಿಮೆ ಎಳೆಯುವ ವಸ್ತು ಸಿಕ್ಕರೆ ಹನ್ನೆರಡರ ಹತ್ತಿರ ಹೋಗುತ್ತಿತ್ತು. ಅದು ಗೊತ್ತಿದ್ದೇ ಪೆಡಲಿನೊಳಗೆ ಒಂದು ರೆಸಿಸ್ಟರು, ಒಂದು ಡಯೋಡು ಕೂರಿಸಿದ್ದರು, ಜಾಸ್ತಿ ಬಂದದ್ದನ್ನ ಇಳಿಸೋಕೆ. ದೇವರಾಜ ಮಾರ್ಕೆಟ್ಟಿನಲ್ಲಿ ಹೂವಿನವಳು ಹನ್ನೆರಡು ಹೇಳುತ್ತಾಳೆ, ನಾವು ಚೌಕಾಸಿ ಮಾಡಿ ಒಂಬತ್ತಕ್ಕೆ ತರುತ್ತೇವೆ. ಇಬ್ಬರಿಗೂ ಗೊತ್ತಿರುವ ಆಟ. ಈಗಿನ ಅಡಾಪ್ಟರು ಫಿಕ್ಸೆಡ್ ರೇಟಿನ ಅಂಗಡಿ. ಒಂಬತ್ತು ಅಂದರೆ ಒಂಬತ್ತೇ. ಹಳೇ ಪೆಡಲಿಗೆ ಅದು ತಿಳಿಯದು, ಅಭ್ಯಾಸ ಬಲದಿಂದ ಅಲ್ಲೂ ಚೌಕಾಸಿ ಮಾಡುತ್ತದೆ. ಒಳಗೆ ಹೋಗುವುದು ಅರೆಹೊಟ್ಟೆ. ತಪ್ಪು ಪೆಡಲಿನದಲ್ಲ, ಹೊಂದದ ಅಡಾಪ್ಟರ್ ಚುಚ್ಚಿದ ನನ್ನದು.

ಯಜಮಾನರು ಡ್ರಾಯರಿನಿಂದ ಒಂದು ಬ್ಯಾಟರಿ ತೆಗೆದು ಹಾಕಿದರು. ಬ್ಯಾಟರಿ ದಾರಿಯಲ್ಲಿ ಆ ರೆಸಿಸ್ಟರ್ ಬರುವುದಿಲ್ಲ. ಕೆಂಪು ದೀಪ ಕಣ್ಣು ಕುಕ್ಕುವ ಹಾಗೆ ಹತ್ತಿತು. ಬ್ಯಾಟರಿ ಕಾಸು ಮಾತ್ರ ತಗೊಂಡರು. "ಗುಜರಿಗೆ ಹಾಕ್ತಿದ್ರಾ ಇದನ್ನ?" ಅಂತ ಎರಡು ಸಲ ಕೇಳಿದರು. ನಾನಲ್ಲ ಸಾರ್, ನಮ್ಮ ಮೇಷ್ಟ್ರು ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಡಬ್ಬಿ ಬಿಚ್ಚಿದ್ದಾಗ ಒಳಗಿನ ಒಂದು ಕರಿ ಚಿಪ್ಪನ್ನು ಅವರು ತೋರಿಸಿದ್ದರು. ಎಂಟು ಕಾಲಿನದು. ಎಂಎನ್3007. ಮತ್ಸುಶಿತ ಕಂಪನಿಯದು. ಕೋರಸ್ಸಿನ ಜೀವ ಇರೋದು ಅದರಲ್ಲಿ. ಈ ಬಗೆಯ ಚಿಪ್ಪಿನ ಉಪಾಯ ಹೊಳೆದದ್ದು 1969ರಲ್ಲಿ, ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದ ಸಾಂಗ್‌ಸ್ಟರ್ ಮತ್ತು ಟೀರ್ ಎಂಬಿಬ್ಬರಿಗೆ. ಅವರು ಅದಕ್ಕೆ ಬಕೆಟ್ ಬ್ರಿಗೇಡ್ ಅಂತ ಹೆಸರಿಟ್ಟರು. ಬೆಂಕಿ ಬಿದ್ದಾಗ ಜನ ಸಾಲಾಗಿ ನಿಂತು ಬಕೆಟ್ಟನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಅದು.

ನನಗೆ ಮಾತ್ರ ನೆನಪಾದದ್ದು ಮೋಲ್ಡ್ ಹಾಕುವ ದಿನ. ಕುವೆಂಪುನಗರದಲ್ಲಿ ನಮ್ಮ ಮನೆ ಕಟ್ಟುವಾಗ ನಾನು ಚಿಕ್ಕವನು. ಈಗಿನ ಹಾಗೆ ಲಿಫ್ಟು ಗಿಫ್ಟು ಇರಲಿಲ್ಲ. ಕೆಳಗೆ ಮಿಕ್ಸರು. ಸಾರ್ವೆ ಮೇಲೆ ಗಂಡಸರು ಹೆಂಗಸರು ಒಬ್ಬರ ಮೇಲೊಬ್ಬರಂತೆ ನಿಂತಿರುತ್ತಿದ್ದರು. ಕಾಂಕ್ರೀಟ್ ತುಂಬಿದ ಬಾಂಡ್ಲಿ ಕೈಯಿಂದ ಕೈಗೆ ಮೇಲೆ ಹೋಗುತ್ತಿತ್ತು. ಮೇಸ್ತ್ರಿ ಮೇಲಿನಿಂದ "ಹಾಂ, ಹಾಂ, ಹಾಂ" ಅಂತ ಕೂಗುತ್ತಿದ್ದ. ಒಂದು ಕೂಗಿಗೆ ಒಂದು ಕೈ ಬದಲಾವಣೆ. ಕೆಳಗೆ ಹಾಕಿದ ಬಾಂಡ್ಲಿ ಮೇಲೆ ಮುಟ್ಟೋಕೆ ಎಷ್ಟು ಹೊತ್ತು? ಸಾಲಿನಲ್ಲಿ ಎಷ್ಟು ಜನ ಇದ್ದಾರೆ, ಮೇಸ್ತ್ರಿ ಎಷ್ಟು ಬೇಗ ಕೂಗುತ್ತಿದ್ದಾನೆ, ಅಷ್ಟೇ ಲೆಕ್ಕ.

ಈ ಚಿಪ್ಪಿನಲ್ಲಿ ಸಾಲಿನಲ್ಲಿ ನಿಂತವರು 1024. ಕಾಂಕ್ರೀಟಿನ ಬದಲು ಗಿಟಾರ್ ಸ್ವರದ ಒಂದೊಂದು ಚೂರು ವಿದ್ಯುತ್ತು. ಮೇಸ್ತ್ರಿ ಬೇರೊಂದು ಚಿಪ್ಪು. ಇಲ್ಲಿ ಅವನ ಒಂದು ಕೂಗಿಗೆ ಎರಡು ಕೈ ಬದಲಾವಣೆ. ಅವನು ಸೆಕೆಂಡಿಗೆ ಲಕ್ಷ ಸಲ ಕೂಗಿದರೆ ಸ್ವರ ಆ ಕಡೆ ತಲುಪುವುದು ಸುಮಾರು 5 ಮಿಲಿಸೆಕೆಂಡ್ ತಡವಾಗಿ. ಐವತ್ತು ಸಾವಿರಕ್ಕೆ ಇಳಿದರೆ 10 ಮಿಲಿಸೆಕೆಂಡ್. ನಮ್ಮ ಕಿವಿಗೆ ಇದು ಪ್ರತಿಧ್ವನಿ ಅನ್ನಿಸುವಷ್ಟು ದೊಡ್ಡ ತಡ ಅಲ್ಲ. ಸುಮ್ನೆ ಎರಡು ಸ್ವರ ಅಂಟಿಕೊಂಡ ಹಾಗೆ.

ಆದರೆ ಮಜಾ ಇರೋದು ಇಲ್ಲಿ. ಈ ಮೇಸ್ತ್ರಿ ಒಂದೇ ಸಮ ಕೂಗುವುದಿಲ್ಲ. ಒಂದಷ್ಟು ಹೊತ್ತು ಅವಸರ ಮಾಡುತ್ತಾನೆ, ಮತ್ತೆ ನಿಧಾನ ಆಗುತ್ತಾನೆ. ಅವಸರ ಮಾಡಿದಾಗ ಸಾಲಿನಲ್ಲಿದ್ದ ಸ್ವರ ಒತ್ತರಿಸಿಕೊಂಡು ಬೇಗ ಹೊರಬೀಳುತ್ತದೆ, ಶ್ರುತಿ ಒಂದು ಚೂರು ಏರುತ್ತದೆ. ನಿಧಾನ ಮಾಡಿದಾಗ ಎಳೆದುಕೊಂಡು ಬರುತ್ತದೆ, ಶ್ರುತಿ ಒಂದು ಚೂರು ಇಳಿಯುತ್ತದೆ. ಅವನ ಮನಸ್ಸು ಎಷ್ಟು ಬೇಗ ಬೇಗ ಬದಲಾಗಬೇಕು ಅನ್ನೋದು ರೇಟ್ ತಿರುಪು. ಎಷ್ಟು ಅತಿರೇಕಕ್ಕೆ ಹೋಗಬೇಕು ಅನ್ನೋದು ಡೆಪ್ತ್ ತಿರುಪು. ಹೀಗೆ ತೂರಾಡಿಕೊಂಡು ಬಂದ ಸ್ವರವನ್ನು ನೇರವಾಗಿ ಬಂದ ಸ್ವರದ ಜೊತೆ ಬೆರೆಸಿದರೆ ಕೋರಸ್. ಬೆರೆಸದೆ ತೂರಾಡುವುದನ್ನಷ್ಟೇ ಹೊರಗೆ ಕಳಿಸಿದರೆ ವೈಬ್ರೇಟೋ. ಜೊತೆಗೆ ಮೇಸ್ತ್ರಿಯ ಕೂಗು ಹೊರಗೆ ಕೇಳಬಾರದು ಅಂತ ಸಾಲಿನ ಹಿಂದೆ ಮುಂದೆ ಜರಡಿ ಹಿಡಿದಿರುತ್ತಾರೆ. ಆ ಜರಡಿಯಲ್ಲಿ ಸ್ವರದ ಮೊನಚೂ ಒಂದಿಷ್ಟು ಸೋಸಿಹೋಗುತ್ತದೆ. ಹಳೇ ಕೋರಸ್ಸು ಬೆಣ್ಣೆಯ ಹಾಗೆ ಕೇಳೋದಕ್ಕೆ ಇದೂ ಒಂದು ಕಾರಣ. ಜನ ಇದನ್ನು ಏನೋ ಮಂತ್ರ ಅನ್ನುವ ಹಾಗೆ ಮಾತಾಡುತ್ತಾರೆ. ಜರಡಿ ಅಷ್ಟೇ ಸ್ವಾಮಿ.

ಸಿಇ-2ಗೆ ಒಬ್ಬ ಅಣ್ಣ ಇದ್ದಾನೆ. 1976ರ ಸಿಇ-1. ಬಾಸ್ ಹೆಸರಿನಲ್ಲಿ ಬಂದ ಮೊದಲ ಪೆಡಲ್ ಅದೇ. ಬ್ಯಾಟರಿ ಸಾಲದು, ಗೋಡೆಯ ಕರೆಂಟೇ ಬೇಕು. ಅವನಿಗೂ ಮೊದಲು 1975ರಲ್ಲಿ ಬಾಸ್‌ನ ತಾಯಿ ಕಂಪನಿ ರೋಲ್ಯಾಂಡ್ ಜಾಝ್ ಕೋರಸ್ ಅನ್ನುವ ಆಂಪ್ಲಿಫೈಯರ್ ತಂದಿತ್ತು. ಅದರೊಳಗಿನ ಕೋರಸ್ಸನ್ನು ಎತ್ತಿ ಬೇರೆ ಡಬ್ಬಿಯಲ್ಲಿ ಹಾಕಿದರೆ ಸಿಇ-1. ಆ ಆಂಪ್ಲಿಫೈಯರಿನಲ್ಲಿ ಎರಡು ಸ್ಪೀಕರು. ಒಂದರಿಂದ ನೇರ ಸ್ವರ, ಇನ್ನೊಂದರಿಂದ ತೂರಾಡುವ ಸ್ವರ. ಎರಡೂ ಬೆರೆಯೋದು ವೈರಿನಲ್ಲಲ್ಲ, ಕೋಣೆಯ ಗಾಳಿಯಲ್ಲಿ. ಇದನ್ನು ಒಂದೇ ಒಂದು ಸಲ ಎದುರಿಗೆ ಕೂತು ಕೇಳಿದ್ದೇನೆ. ತಲೆ ಅತ್ತ ಇತ್ತ ಆಡಿಸಿದರೆ ಸ್ವರ ಬದಲಾಗುತ್ತಿತ್ತು. ಪಕ್ಕದವರು ನನಗೆ ಕತ್ತು ನೋವು ಅಂದುಕೊಂಡರು.

ಟಿ. ನರಸೀಪುರ ಅಂದೆ ನೋಡಿ, ಅಲ್ಲಿ ಒಂದು ಗಣೇಶನ ಪ್ರೋಗ್ರಾಮಿಗೆ ಹೋದಾಗ ಮೇಷ್ಟ್ರು ಒಂದು ಮಾತು ಹೇಳಿದ್ದರು. "ಕೋರಸ್ಸು ಜಪಾನಿನವರು ಕಂಡುಹಿಡಿದದ್ದಲ್ಲ ಕಣೋ, ಈ ಊರಿನವರು." ಪಿಟೀಲು ಚೌಡಯ್ಯನವರನ್ನು ನೆನೆದು ಹೇಳಿದ್ದು ಅದು. ತಿರುಮಕೂಡಲು ಅವರ ಊರು. ಆಗಿನ್ನೂ ಮೈಕು ಇಲ್ಲದ ಕಾಲ. ದೊಡ್ಡ ಸಭೆಯಲ್ಲಿ ಹಿಂದೆ ಕೂತವರಿಗೆ ಪಿಟೀಲು ಕೇಳುತ್ತಿರಲಿಲ್ಲ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿದರು. ಸೇರಿಸಿದ ತಂತಿಗಳು ಹಳೇ ತಂತಿಗಳಿಗೆ ಜೋಡಿ. ಕಮಾನು ಎಳೆದರೆ ಎರಡೂ ಒಟ್ಟಿಗೆ ನುಡಿಯಬೇಕು. ಎರಡು ತಂತಿ ಎಷ್ಟೇ ಶ್ರುತಿ ಮಾಡಿದರೂ ಕೂದಲೆಳೆಯಷ್ಟು ಆಚೀಚೆ ಇದ್ದೇ ಇರುತ್ತದೆ. ಆ ಆಚೀಚೆಯಲ್ಲೇ ನಾದ ದಪ್ಪ ಆಗೋದು. ಮೇಷ್ಟ್ರ ಮಾತು ಅತಿ ಅನ್ನಿ, ಆದರೆ ಲೆಕ್ಕ ತಪ್ಪಿಲ್ಲ. ಮ್ಯಾಂಡೊಲಿನ್ನಿನಲ್ಲೂ ಅದೇ, ಹನ್ನೆರಡು ತಂತಿಯ ಗಿಟಾರಿನಲ್ಲೂ ಅದೇ. ಭಜನೆ ಮಂಡಳಿಯಲ್ಲಿ ಇಪ್ಪತ್ತು ಜನ ಒಂದೇ ಸಾಲು ಹಾಡಿದರೆ ಬರುವ ತುಂಬು ಕೂಡ ಅದೇ. ಒಬ್ಬೊಬ್ಬರನ್ನೇ ಹಾಡಿಸಿ ನೋಡಿ, ಎದ್ದು ಹೋಗೋಣ ಅನ್ನಿಸುತ್ತದೆ.

ಇನ್ನು ಕೆಂಪು ಡಬ್ಬಿ.

ಆರ್ಕೆಸ್ಟ್ರಾ ಎಂದೋ ನಿಂತುಹೋಯಿತು. ಟ್ರ್ಯಾಕ್ ಹಾಕಿ ಹಾಡುವ ಕಾಲ ಬಂತು. ನನಗೂ ಕೆಲಸ, ಮನೆ, ಮಕ್ಕಳು. ಗಿಟಾರು ಬೀರುವಿನ ಮೇಲೆ ಮಲಗಿತ್ತು. ಲಾಕ್‌ಡೌನಿನಲ್ಲಿ ಇಳಿಸಿ ಹೊಸ ತಂತಿ ಹಾಕಿದೆ. ಒಬ್ಬನೇ ಎಷ್ಟು ಹೊತ್ತು ಬಾರಿಸೋದು? ಲೀಡ್ ನುಡಿಸಿದರೆ ಹಿಂದೆ ರಿದಮ್ ಇಲ್ಲ, ರಿದಮ್ ಬಾರಿಸಿದರೆ ಮುಂದೆ ಹಾಡಿಲ್ಲ. ಮಗಳು ಮೊಬೈಲಿನಲ್ಲಿ ತೋರಿಸಿದಳು, "ಅಪ್ಪಾ, ಲೂಪರ್ ತಗೋ." ತಗೊಂಡೆ. ಬಾಸ್ ಆರ್‌ಸಿ-1. 2014ರಲ್ಲಿ ಬಂದದ್ದು. ಕೆಂಪು ಮೈ, ಒಂದೇ ತಿರುಪು, ಮಧ್ಯೆ ಗಡಿಯಾರದ ಹಾಗೆ ಸುತ್ತುವ ದೀಪ.

ಲೂಪರಿನ ಕೆಲಸ ಕೇಳೋಕೆ ಸುಲಭ. ಒಂದು ಸಲ ಒತ್ತಿದರೆ ರೆಕಾರ್ಡ್ ಶುರು. ಇನ್ನೊಂದು ಸಲ ಒತ್ತಿದರೆ ಅಲ್ಲಿವರೆಗೆ ಬಾರಿಸಿದ್ದು ಸುತ್ತಿ ಸುತ್ತಿ ಬರುತ್ತದೆ. ಅದರ ಮೇಲೆ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು. ಬೇಡವಾದರೆ ಒತ್ತಿ ಹಿಡಿದರೆ ಅಳಿಸಿಹೋಗುತ್ತದೆ. ಹಿಂದೆ ಇದನ್ನೇ ಟೇಪಿನಲ್ಲಿ ಮಾಡುತ್ತಿದ್ದರು. ಎರಡು ಟೇಪ್ ರೆಕಾರ್ಡರುಗಳನ್ನು ಅಕ್ಕಪಕ್ಕ ಇಟ್ಟು, ಒಂದೇ ಟೇಪನ್ನು ಎರಡರಲ್ಲೂ ಹಾಯಿಸಿ, ಎರಡನೆಯದು ಓದಿದ್ದನ್ನು ಮೊದಲನೆಯದಕ್ಕೆ ವಾಪಸ್ ಕಳಿಸೋದು. ಎಪ್ಪತ್ತರ ದಶಕದ ಶುರುವಿನಲ್ಲಿ ಇಂಗ್ಲೆಂಡಿನ ರಾಬರ್ಟ್ ಫ್ರಿಪ್ ಮತ್ತು ಬ್ರಯನ್ ಈನೊ ಹೀಗೆ ಗಿಟಾರಿನ ಮೇಲೆ ಗಿಟಾರು ಪೇರಿಸಿದರು. ಆಮೇಲೆ ಚಿಪ್ಪಿನ ಕಾಲ ಬಂದರೂ ಮೆಮೊರಿ ದುಬಾರಿ. 1999ರಲ್ಲಿ ಬಂದ ಲೈನ್ 6 ಕಂಪನಿಯ ಹಸಿರು ಡಿಎಲ್4 ಡಬ್ಬಿಯಲ್ಲಿ ಲೂಪಿಗೆ ಇದ್ದದ್ದು 14 ಸೆಕೆಂಡು. ವಿಳಂಬ ಕಾಲದ ಆದಿತಾಳ ಹಾಕಿದರೆ ಎರಡು ಆವರ್ತ ಹಿಡಿಸದು. ನನ್ನ ಕೆಂಪು ಡಬ್ಬಿಯಲ್ಲಿ 12 ನಿಮಿಷ. ಅಷ್ಟು ಹೊತ್ತು ತಪ್ಪಿಲ್ಲದೆ ಬಾರಿಸೋಕೆ ಬಂದರೆ ಲೂಪರ್ ಯಾಕೆ ಬೇಕಿತ್ತು?

ಕೇಳೋಕೆ ಸುಲಭ ಅಂದೆನಲ್ಲ. ಮೊದಲ ವಾರ ಅತ್ತುಬಿಡೋ ಹಾಗಾಯಿತು. ಎಂಟು ಎಣಿಕೆಯ ರಿದಮ್ ಬಾರಿಸುತ್ತೇನೆ. ಎಂಟು ಮುಗಿಯಿತು ಅಂತ ಒತ್ತುತ್ತೇನೆ. ಲೂಪು ಮುಗ್ಗರಿಸುತ್ತದೆ. ಒತ್ತಬೇಕಾದ್ದು ಎಂಟು ಮುಗಿದ ಮೇಲೆ ಅಲ್ಲ, ಮುಂದಿನ ಒಂದರ ನೆತ್ತಿಯ ಮೇಲೆ. ಸಮದ ಮೇಲೆ. ತೊಡೆ ಮೇಲೆ ತಾಳ ಹಾಕಿ ಕಲಿತವನು ನಾನು, ಕೈಗೆ ಅದು ಗೊತ್ತು. ಕಾಲಿಗೆ ಗೊತ್ತಿಲ್ಲ. ಕಾಲು ಕೂದಲೆಳೆ ತಡ ಮಾಡಿದರೆ ಸುತ್ತು ಸುತ್ತಿಗೂ ಅಲ್ಲೊಂದು ಹಳ್ಳ. ಬೆಂಡಾದ ಸೈಕಲ್ ಚಕ್ರ ಇರುತ್ತಲ್ಲ, ಪ್ರತಿ ಸುತ್ತಿಗೂ ಬ್ರೇಕ್ ರಬ್ಬರಿಗೆ ತಾಗಿ ಟಕ್ ಅನ್ನುವುದು, ಥೇಟ್ ಅದೇ. ಚಪ್ಪಲಿ ಹಾಕಿಕೊಂಡು ಒತ್ತಿ ನೋಡಿದೆ, ಬರಿಗಾಲಲ್ಲಿ ನೋಡಿದೆ, ಹೆಬ್ಬೆರಳು, ಹಿಮ್ಮಡಿ ಎಲ್ಲ ಆಯಿತು. ಕಡೆಗೆ ಹತ್ತಿದ್ದು ಬರಿಗಾಲು, ಬೆರಳ ಬುಡ. ಒತ್ತೋದಕ್ಕೆ ಮೊದಲು ಹಿಮ್ಮಡಿ ನೆಲಕ್ಕೆ ಊರಿ ಏಳನೇ ಎಣಿಕೆಗೇ ಪಾದ ಎತ್ತಿ ಇಟ್ಟುಕೊಂಡಿರಬೇಕು.

ಇನ್ನೊಂದು ಗುಟ್ಟು ಗೊತ್ತಾಯಿತು. ನನ್ನ ರಿದಮ್ ಓಡುತ್ತದೆ. ಐದು, ಆರು, ಏಳರಲ್ಲಿ ಬಸ್ ತಪ್ಪಿಹೋಗುತ್ತೆ ಅನ್ನುವವನ ಹಾಗೆ ಬೀಸು ಹಾಕುತ್ತೇನೆ. ಇಷ್ಟು ವರ್ಷ ಆರ್ಕೆಸ್ಟ್ರಾದಲ್ಲಿ ಬಾರಿಸಿದವನಿಗೆ ಇದು ಗೊತ್ತೇ ಇರಲಿಲ್ಲ. ಯಾಕೆ ಅಂದರೆ ಡ್ರಮ್ಮಿನವನು ನನ್ನನ್ನು ಹಿಡಿದು ನಿಲ್ಲಿಸುತ್ತಿದ್ದ, ಅಥವಾ ನನ್ನ ಜೊತೆ ತಾನೂ ಓಡುತ್ತಿದ್ದ. ಲೂಪರ್ ಹಿಡಿಯೋದೂ ಇಲ್ಲ, ಓಡೋದೂ ಇಲ್ಲ. ನೀನು ಹೀಗೇ ಬಾರಿಸಿದ್ದು, ಕೇಳು ಅಂತ ಇಪ್ಪತ್ತು ಸಲ ಕೇಳಿಸುತ್ತದೆ.

ನೀಲಿ, ಕೆಂಪು ಎರಡನ್ನೂ ಒಟ್ಟಿಗೆ ಜೋಡಿಸಿದಾಗ ಹೊಸ ತಮಾಷೆ. ಯಾವುದು ಮೊದಲು? ಗಿಟಾರು, ಕೋರಸ್, ಲೂಪರ್ ಅಂತ ಇಟ್ಟರೆ ಕೋರಸ್ ಬೇಕಾದ ಪದರಕ್ಕೆ ಮಾತ್ರ ಹಾಕಬಹುದು. ರಿದಮ್ ಸಪ್ಪೆ, ಲೀಡಿಗೆ ಮಾತ್ರ ತುಯ್ತ. ಆದರೆ ಒಂದು ಸಲ ಹಾಕಿದ್ದು ಹಾಕಿದ್ದೇ, ತೆಗೆಯೋಕಾಗಲ್ಲ. ಹುಳಿಗೆ ಉಪ್ಪು ಬಿದ್ದ ಹಾಗೆ. ಕೋರಸ್ಸನ್ನು ಲೂಪರಿನ ಆಮೇಲೆ ಇಟ್ಟರೆ ಇಡೀ ರಾಶಿ ಒಟ್ಟಿಗೆ ತೂಗಾಡುತ್ತದೆ. ಬ್ಯಾಂಡಿನವರೆಲ್ಲ ಒಂದೇ ಹರಿಗೋಲಿನಲ್ಲಿ ಕೂತ ಹಾಗೆ. ನನಗೆ ಎರಡನೆಯದು ಹತ್ತು ನಿಮಿಷಕ್ಕೇ ತಲೆ ಸುತ್ತು ಬಂತು.

ಎರಡಕ್ಕೂ ಒಂದೇ ಅಡಾಪ್ಟರಿನಿಂದ ಕವಲು ವೈರು ಎಳೆದೆ. ಆಗ ಆಶ್ಚರ್ಯ! ನೀಲಿ ಡಬ್ಬಿಯ ದೀಪ ಪೂರ್ತಿ ಹತ್ತಿತು. ಯಜಮಾನರಿಗೆ ಫೋನ್ ಮಾಡಿದೆ. ಎರಡೂ ಪೆಡಲಿನ ಗ್ರೌಂಡು, ಅಂದರೆ ಕರೆಂಟು ವಾಪಸ್ ಹೋಗುವ ದಾರಿ, ಗಿಟಾರ್ ವೈರಿನ ಮೂಲಕ ಸೇರಿಕೊಂಡಿತು, ಕರೆಂಟು ಆ ರೆಸಿಸ್ಟರನ್ನ ಮುಟ್ಟದೆ ಪಕ್ಕದಿಂದ ಹೋಗ್ತಿದೆ ಅಂದರು. ಹಿಂಬಾಗಿಲು ಸಿಕ್ಕ ಹಾಗೆ. ಖುಷಿ ಎರಡು ನಿಮಿಷ. ಹಿಂದೆಯೇ ಚಿಂಯ್ ಅನ್ನುವ ಸಣ್ಣ ಕೂಗು. ಲೂಪರಿನ ಒಳಗಿರೋದು ಒಂದು ಪುಟ್ಟ ಕಂಪ್ಯೂಟರ್, ಅದರ ಬಡಿತ ಹಂಚಿಕೊಂಡ ವೈರಿನಲ್ಲಿ ಹಾದು ಕಿವಿಗೆ ಬರುತ್ತದೆ. ಒಂದೇ ಮನೆಯಲ್ಲಿ ಅಜ್ಜನ ಹೊಟ್ಟೆ ತುಂಬಿತು, ಮೊಮ್ಮಗನ ಮೊಬೈಲು ಸದ್ದು ಶುರುವಾಯಿತು. ಕಡೆಗೆ ಅಜ್ಜನಿಗೆ ಬೇರೆ ಒಲೆ. ಈಗ ನೀಲಿ ಡಬ್ಬಿಗೆ ಬ್ಯಾಟರಿಯೇ. ಬಾರಿಸಿ ಮುಗಿಸಿದ ತಕ್ಷಣ ಬಗ್ಗಿ ವೈರು ಕೀಳುತ್ತೇನೆ. ನನ್ನ ಹೆಂಡತಿ ನಗುತ್ತಾಳೆ, ಮೇಷ್ಟ್ರ ಥರಾನೇ ಆದಿರಿ ಅಂತ.

ಒಂದು ಭಾನುವಾರ ಸುಮ್ನೆ ಒಂದು ಪರೀಕ್ಷೆ ಮಾಡಿದೆ. ಕೋರಸ್ ಆಫ್. ನಾಲ್ಕು ಕಾರ್ಡಿನ (ಒಟ್ಟಿಗೆ ಹಿಡಿಯುವ ಸ್ವರಗಳ ಗುಂಪು) ಒಂದು ಮೀಟು, ಒಂದೊಂದೇ ತಂತಿ ಬಿಡಿಸಿ ನುಡಿಸೋದು. ಲೂಪು ಹಾಕಿದೆ. ಸೌಂಡು ಜಾಸ್ತಿ ಮಾಡಿ ಕೇಳಿದೆ. ಸದ್ದು ಜಾಸ್ತಿ ಆಯಿತು, ಅಷ್ಟೇ. ಆಮೇಲೆ ಅದರ ಮೇಲೆ ಅದೇ ಮೀಟನ್ನು, ಅದೇ ಜಾಗದಲ್ಲಿ, ಆದಷ್ಟೂ ಹಾಗೇ, ಇನ್ನೊಂದು ಸಲ ಕೈಯಲ್ಲಿ ನುಡಿಸಿದೆ.

ಕೋಣೆ ಅಗಲ ಆಯಿತು.

ನಿಜ ಹೇಳುತ್ತೇನೆ, ಕೈ ನಿಂತುಹೋಯಿತು. ಹಾಗೇ ನುಡಿಸಿದೆ ಅಂದುಕೊಂಡೆ, ಹಾಗೇ ಆಗಿರಲಿಲ್ಲ. ಎರಡನೇ ತಂತಿ ಒಂದು ಚೂರು ಮುಂದೆ, ನಾಲ್ಕನೆಯದು ಒಂದು ಚೂರು ಹಿಂದೆ. ಒಂದು ಕಡೆ ಬೆರಳು ಗಟ್ಟಿ ಒತ್ತಿದ್ದೆ, ಅಲ್ಲಿ ಶ್ರುತಿ ಒಂದು ಎಳೆ ಮೇಲೆ. ನೀಲಿ ಡಬ್ಬಿಯೊಳಗಿನ ಮೇಸ್ತ್ರಿ ಮಾಡುವ ಕೆಲಸವನ್ನೇ ನನ್ನ ಕೈಯ ಸೋಮಾರಿತನ ಮಾಡಿತ್ತು. ಡಬ್ಬಿಗಿಂತ ಚೆನ್ನಾಗಿಯೇ ಮಾಡಿತ್ತು. ಮೇಸ್ತ್ರಿಯ ಮನಸ್ಸು ಒಂದೇ ಲಯದಲ್ಲಿ ಏರಿ ಇಳಿಯುತ್ತದೆ, ಎರಡು ನಿಮಿಷ ಕೇಳಿದರೆ ಅದರ ಉಯ್ಯಾಲೆ ಕಿವಿಗೆ ಸಿಕ್ಕಿಬಿಡುತ್ತದೆ. ನನ್ನ ಕೈಯದು ಎಲ್ಲಿ ತಪ್ಪುತ್ತೆ ಅಂತ ನನಗೇ ಗೊತ್ತಿಲ್ಲ. ಮೂರನೇ ಪದರ ಹಾಕಿದೆ, ಇನ್ನೂ ಚೆಂದ. ಐದನೆಯದಕ್ಕೆ ಕಲಸುಮೇಲೋಗರ.

ಆದರೂ ಎಲ್ಲೋ ಏನೋ ಕಮ್ಮಿ ಅನ್ನಿಸುತ್ತಿತ್ತು. ಮೂರು ಜನ ನಾನೇ ಬಾರಿಸುತ್ತಿದ್ದರೂ ಕೋಣೆಯಲ್ಲಿ ಯಾರೂ ಇಲ್ಲ ಅನ್ನುವ ಹಾಗೆ. ಏನು ಅಂತ ಹಿಡಿಯೋಕೆ ಆಗಲಿಲ್ಲ. ಅದು ಗೊತ್ತಾದದ್ದು ಮೇಷ್ಟ್ರು ಮನೆಗೆ ಬಂದಾಗ.

ದಸರಾ ಮುಗಿದ ಮೇಲಿನ ಶನಿವಾರ. ಗುಜರಿಗೆ ಹಾಕಬೇಕಿದ್ದ ಡಬ್ಬಿ ಬದುಕಿದೆ ಅಂತ ಹೇಳಿದ್ದೆ, ನೋಡೋಕೆ ಬಂದರು. ಎಪ್ಪತ್ತೆಂಟು ವಯಸ್ಸು. ಕೈ ನಡುಗುತ್ತದೆ, ಗಿಟಾರ್ ಹಿಡಿದರೆ ನಿಲ್ಲುತ್ತದೆ. ದೀಪ ಹತ್ತಿದ್ದು ನೋಡಿ "ಅರೆ" ಅಂದರು. ಉಗುರು ಬಣ್ಣದ ಚುಕ್ಕೆಯನ್ನು ಹೆಬ್ಬೆರಳಲ್ಲಿ ಸವರಿದರು. ರೇಟು ಒಂಬತ್ತು ಗಂಟೆಗೆ, ಡೆಪ್ತು ಅರ್ಧಕ್ಕೆ. ನೋಡದೇ ತಿರುಗಿಸಿದರು.

ನಾನು ಜಂಬದಿಂದ ಲೂಪರ್ ಒತ್ತಿದೆ. ಎಂಟು ಎಣಿಕೆ, ಸಮಕ್ಕೆ ಸರಿಯಾಗಿ ಮುಚ್ಚಿದೆ, ಒಂದು ಚೂರೂ ಹಳ್ಳ ಇಲ್ಲ. "ಬಾರಿಸಿ ಮೇಷ್ಟ್ರೇ, ರಿದಮ್ ಅದೇ ನೋಡಿಕೊಳ್ಳುತ್ತೆ."

ಶುರು ಮಾಡಿದರು. ಹಳೇ ಕೈ. ಎರಡು ಸುತ್ತು ಚೆನ್ನಾಗಿ ಹೋಯಿತು. ಮೂರನೇ ಸುತ್ತಿನಲ್ಲಿ ಅವರು ಒಂದು ಸ್ವರವನ್ನು ಎಳೆದು ನಿಲ್ಲಿಸಿದರು. ಅದು ಅವರ ಅಭ್ಯಾಸ. ಆಗೆಲ್ಲ ಅವರು ಹಾಗೆ ನಿಂತರೆ ನಾನೂ ಕೈ ಹಗುರ ಮಾಡುತ್ತಿದ್ದೆ, ಡ್ರಮ್ಮಿನವನೂ ಕಡ್ಡಿ ಎತ್ತುತ್ತಿದ್ದ. ಅವರು ಇಳಿದ ಮೇಲೆ ಎಲ್ಲರೂ ಇಳಿಯುವುದು. ಲೂಪು ನಿಲ್ಲಲಿಲ್ಲ. ಡಬಡಬ ಅಂತ ತನ್ನ ಪಾಡಿಗೆ ಹೋಯಿತು. ಮೇಷ್ಟ್ರು ಮತ್ತೆ ಹಿಡಿದುಕೊಂಡು ಇನ್ನೊಂದು ಸುತ್ತು ಹೋದರು. ಮತ್ತೆ ಅಲ್ಲೇ ಎಳೆದರು. ಮತ್ತೆ ಹಾಗೇ.

ಗಿಟಾರಿನ ಮೇಲೆ ಅಂಗೈ ಇಟ್ಟು ತಂತಿ ಸುಮ್ಮನಾಗಿಸಿದರು. ಲೂಪು ಇನ್ನೂ ಸುತ್ತುತ್ತಲೇ ಇತ್ತು.

"ಇವನು ಯಾರೋ?"

"ನಾನೇ ಮೇಷ್ಟ್ರೇ."

"ನೀನಲ್ಲ. ನೀನು ಓಡ್ತಿದ್ದೆ, ಆದರೆ ನಾನು ನಿಂತರೆ ನಿಲ್ತಿದ್ದೆ. ಇವನು ಕೇಳಿಸಿಕೊಳ್ಳೋದೇ ಇಲ್ಲ ಕಣೋ. ಆಫ್ ಮಾಡು."

ಎರಡು ಸಲ ಒತ್ತಿ ಆಫ್ ಮಾಡಿದೆ. ಬೀರುವಿನ ಮೇಲಿದ್ದ ಇನ್ನೊಂದು ಗಿಟಾರು, ಹಳೇ ಗಿವ್ಸನ್, ಇಳಿಸಿಕೊಂಡು ಎದುರಿಗೆ ಮೋಡಾ ಹಾಕಿ ಕೂತೆ. ಅದನ್ನು ಮುಟ್ಟಿ ಎಷ್ಟೋ ತಿಂಗಳಾಗಿತ್ತು. ಅವರು ನೀಲಿ ಡಬ್ಬಿಯನ್ನೂ ಕಾಲಲ್ಲಿ ಒತ್ತಿ ಆಫ್ ಮಾಡಿದರು. ಯಾಕೆ ಅಂತ ಕೇಳಲಿಲ್ಲ. ನಾನು ಮೊದಲ ಕಾರ್ಡ್ ಮೀಟಿದೆ. ಅವರು ಕತ್ತು ಓರೆ ಮಾಡಿದರು.

"ನಿಂದು ಮೂರನೇ ತಂತಿ ಒಂಚೂರು ಇಳಿದಿದೆ."

ಬಿರಡೆಗೆ ಕೈ ಹಾಕಿದೆ.

"ಬೇಡ ಬಿಡು, ಹಾಗೇ ಇರಲಿ. ಬಾರಿಸು."